ಚಿಕ್ಕ ಮಕ್ಕಳ ಕಲಿಕೆ, ಪಾಲನೆಯ ಸಂಶೋಧನೆಗೆ ಸರ್ಕಾರ ದುಡ್ಡು ಹಾಕಬೇಕಾ? ಹಾಕಿದರೆ ಯಾವುದಕ್ಕೆ?

ಶಿಶುವಿಹಾರದ ಟೀಚರ್

ಎಲ್ಲರಿಗೂ ನಮಸ್ಕಾರ. ಮೂರರಿಂದ ಆರು ವರ್ಷದ ಮಕ್ಕಳ ಜೊತೆ 14 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಇಷ್ಟು ವರ್ಷದಲ್ಲಿ ನಮ್ಮ ಕೇಂದ್ರಕ್ಕೆ ಐದು ಸಲ ಸಂಶೋಧನೆಯವರು ಬಂದು ಹೋಗಿದ್ದಾರೆ. ಐದೂ ಸರ್ಕಾರದ ಅನುದಾನದಲ್ಲಿ ನಡೆದವು. ಫಾರ್ಮ್ ತುಂಬಿಸಿಕೊಂಡರು. ಮಕ್ಕಳಿಗೆ ಪ್ರಶ್ನೆ ಕೇಳಿದರು. ಮೂಲೆಯಲ್ಲಿ ಕೂತು ನನ್ನ ತರಗತಿಗೆ ಅಂಕ ಹಾಕಿಕೊಂಡರು. ಒಂದು ವರದಿಯೂ ನನ್ನ ಕೈಗೆ ಬರಲಿಲ್ಲ.

ಕಳೆದ ಸಲ ನಡೆದದ್ದು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ. ನಾಲ್ಕು ವರ್ಷದ ಒಬ್ಬ ಹುಡುಗಿ. ಬಣ್ಣಗಳ ಹೆಸರೆಲ್ಲ ಗೊತ್ತು. ಇಪ್ಪತ್ತರವರೆಗೆ ಎಣಿಸುತ್ತಾಳೆ. ಕಥೆ ಅರ್ಧಕ್ಕೆ ನಿಲ್ಲಿಸಿದರೆ ಮುಂದಿನದನ್ನು ತಾನೇ ಹೇಳುತ್ತಾಳೆ. ಟ್ಯಾಬ್ ಹಿಡಿದು ಬಂದವರು ಅವಳನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. ಗುರುತಿಲ್ಲದ ಮುಖ. ಅವಳು ಬಾಯೇ ಬಿಡಲಿಲ್ಲ. ಎಲ್ಲಾ ಪ್ರಶ್ನೆಗೂ ಸೊನ್ನೆ ಬಿತ್ತು. "ಅವಳಿಗೆ ಗೊತ್ತು, ಸ್ವಲ್ಪ ಹೊತ್ತು ಬಿಟ್ಟು ಕೇಳಿ" ಅಂದೆ. "ಹಾಗೆ ಮಾಡೋಕೆ ಬರಲ್ಲ ಮೇಡಂ" ಅಂದರು. ಅವರು ಗೇಟು ದಾಟುವ ಮೊದಲೇ, ಅವರ ಬ್ಯಾಗು ಯಾವ ಬಣ್ಣ ಅಂತ ಅವಳು ನನ್ನ ಕಿವಿಯಲ್ಲಿ ಹೇಳಿದಳು.

ಈಗ ಮುಂದಿನ ತಿಂಗಳು ಹೊಸ ತಂಡ ಬರುತ್ತದೆ ಅಂತ ಪತ್ರ ಬಂದಿದೆ. ಇಲ್ಲಿ 30 ಮಕ್ಕಳಿಗೆ ನಾನೊಬ್ಬಳೇ ಇದ್ದೇನೆ. ಈ ದುಡ್ಡಿನಲ್ಲಿ ಇನ್ನೊಬ್ಬ ಟೀಚರ್ ಕೊಟ್ಟಿದ್ದರೆ ಒಳ್ಳೆಯದಿತ್ತು ಅನ್ನಿಸುತ್ತದೆ. ಹಾಗಂತ ಸಂಶೋಧನೆಯೇ ಬೇಡ ಅನ್ನುವುದಕ್ಕೂ ಮನಸ್ಸು ಬರುವುದಿಲ್ಲ. ನೀವೇನಂತೀರಿ?

ನೇರಮಾತು

ಇದರಲ್ಲಿ ಯೋಚನೆ ಮಾಡುವಂಥದ್ದು ಏನೂ ಇಲ್ಲ. ಟೀಚರ್ ಮೊದಲು, ಸಂಶೋಧನೆ ಆಮೇಲೆ. ಚಿಕ್ಕ ಮಗುವಿಗೆ ಪ್ರೀತಿ, ಆಟ, ಮಾತು, ಹೊಟ್ಟೆ ತುಂಬ ಊಟ ಬೇಕು ಅಂತ ತಿಳಿಯಲು ಯಾವ ಅಧ್ಯಯನವೂ ಬೇಡ. ನಮ್ಮ ಅಜ್ಜಿಯರಿಗೆ ಗೊತ್ತಿತ್ತು.

ಅವಳಿಗಳ ಅಮ್ಮ

ಟೀಚರ್, ಆ ಹುಡುಗಿಯ ವಿಷಯ ಓದಿ ಹೊಟ್ಟೆ ಚುರ್ ಅಂತು. ನನ್ನ ಇಬ್ಬರಲ್ಲಿ ಒಬ್ಬ ಹಾಗೆಯೇ. ಹೊಸಬರ ಮುಂದೆ ಅವನಿಗೆ ತನ್ನ ಹೆಸರೂ ಮರೆತುಹೋಗುತ್ತದೆ.

ಅಂಕಿಸಂಖ್ಯೆ

ನೇರಮಾತು ಅವರೇ, ಅಜ್ಜಿಯರಿಗೆ ಗೊತ್ತಿದ್ದದ್ದು ಒಂದು ಮನೆಯ ನಾಲ್ಕು ಮಕ್ಕಳ ವಿಷಯ. ಸರ್ಕಾರ ಮಾಡುವುದು ಲಕ್ಷಗಟ್ಟಲೆ ಮಕ್ಕಳ ವಿಷಯ. ಅಲ್ಲಿ "ಒಳ್ಳೆಯದೇ ಆಗುತ್ತದೆ ಬಿಡಿ" ಅಂತ ನಂಬಿಕೊಂಡು ಹೋದರೆ ಏನಾಗುತ್ತದೆ ಅಂತ ಎರಡು ಉದಾಹರಣೆ ಕೊಡುತ್ತೇನೆ.

ಅಮೆರಿಕದ ಟೆನೆಸಿ ರಾಜ್ಯದಲ್ಲಿ ನಾಲ್ಕು ವರ್ಷದ ಬಡ ಮಕ್ಕಳಿಗೆ ಸರ್ಕಾರಿ ಪೂರ್ವ ಪ್ರಾಥಮಿಕ ತರಗತಿ ಇದೆ. ಸೀಟಿಗಿಂತ ಅರ್ಜಿ ಜಾಸ್ತಿ ಇದ್ದ ಕಡೆ ಲಾಟರಿ ಎತ್ತಿದರು. ಹಾಗಾಗಿ ಸೀಟು ಸಿಕ್ಕವರನ್ನು, ಸಿಗದವರನ್ನು ಹೋಲಿಸಲು ಸಾಧ್ಯವಾಯಿತು. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು ಒಟ್ಟು 2,990 ಮಕ್ಕಳನ್ನು ಹಿಂಬಾಲಿಸಿದರು. ವರ್ಷದ ಕೊನೆಯಲ್ಲಿ ಸೀಟು ಸಿಕ್ಕ ಮಕ್ಕಳು ಮುಂದಿದ್ದರು. ಆರನೇ ತರಗತಿಗೆ ಬರುವ ಹೊತ್ತಿಗೆ ಅದೇ ಮಕ್ಕಳು ರಾಜ್ಯದ ಪರೀಕ್ಷೆಯಲ್ಲಿ ಹಿಂದೆ ಬಿದ್ದಿದ್ದರು. ಶಿಸ್ತಿನ ದೂರುಗಳೂ ಅವರ ಮೇಲೆ ಜಾಸ್ತಿ ಇದ್ದವು. ಇದು 2022ರಲ್ಲಿ ಪ್ರಕಟವಾಯಿತು.

ಇನ್ನೊಂದು ಕೆನಡಾದ ಕ್ವಿಬೆಕ್. 1997ರಲ್ಲಿ ದಿನಕ್ಕೆ ಐದು ಡಾಲರಿಗೆ ಡೇಕೇರ್ ಶುರು ಮಾಡಿದರು. ತಾಯಂದಿರು ಕೆಲಸಕ್ಕೆ ಹೋಗುವುದು ಚೆನ್ನಾಗಿ ಹೆಚ್ಚಾಯಿತು. ಆದರೆ 2008ರಲ್ಲಿ ಬೇಕರ್, ಗ್ರೂಬರ್, ಮಿಲ್ಲಿಗನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ನೋಡಿದಾಗ ಮಕ್ಕಳಲ್ಲಿ ಸಿಟ್ಟು, ಆತಂಕ ಹೆಚ್ಚಿದ್ದು ಕಂಡಿತು. ಅಳೆಯದೇ ಇದ್ದಿದ್ದರೆ ಇವೆರಡೂ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ನೇರಮಾತು

ಅಂದರೆ ಶಿಶುವಿಹಾರ ಮುಚ್ಚಿ ಅಂತೀರಾ?

ಅಂಕಿಸಂಖ್ಯೆ

ಖಂಡಿತ ಇಲ್ಲ. ಎಂಥ ಶಿಶುವಿಹಾರ ಅನ್ನುವುದೇ ಪ್ರಶ್ನೆ ಅಂತೀನಿ. ಕ್ವಿಬೆಕ್‌ನಲ್ಲಿ ಅವಸರದಲ್ಲಿ ಸಾವಿರಾರು ಸೀಟು ತೆರೆದರು. ಆಮೇಲೆ ಗುಣಮಟ್ಟ ಅಳೆದಾಗ ಬಹಳಷ್ಟು ಕಡೆ "ಪರವಾಗಿಲ್ಲ" ಅನ್ನುವಷ್ಟೇ ಇತ್ತು. ಲಾಭಕ್ಕೆ ನಡೆಸುವ ಕೇಂದ್ರಗಳಿಗಿಂತ ಲಾಭವಿಲ್ಲದೆ ನಡೆಸುವ ಕೇಂದ್ರಗಳು ಚೆನ್ನಾಗಿದ್ದವು. ಇದನ್ನು ತಿಳಿಯುವುದಕ್ಕೂ ಒಂದು ಅಧ್ಯಯನ ಬೇಕಾಯಿತು, ಅಲ್ವಾ?

ಮೊಮ್ಮಕ್ಕಳ ಅಜ್ಜ

ನಾನು ಎಲ್ಲೋ ಓದಿದ್ದೆ. ಹೆಕ್‌ಮನ್ ಅನ್ನುವ ನೊಬೆಲ್ ಪಡೆದವರು ಚಿಕ್ಕ ಮಕ್ಕಳ ಮೇಲೆ ಒಂದು ಹಾಕಿದರೆ ಹದಿಮೂರು ವಾಪಸ್ ಬರುತ್ತದೆ ಅಂತ ಸಾಬೀತು ಮಾಡಿದ್ದಾರೆ. ಅಷ್ಟು ಗೊತ್ತಿದ್ದ ಮೇಲೆ ಇನ್ನೇನು ಸಂಶೋಧನೆ ಬೇಕು?

ಪಿಎಚ್‌ಡಿ ದಾರಿಯಲ್ಲಿ

ಅಜ್ಜ, ಒಂದು ಸಣ್ಣ ತಿದ್ದುಪಡಿ. ಜೇಮ್ಸ್ ಹೆಕ್‌ಮನ್ ಅವರಿಗೆ 2000ದಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ನಿಜ. ಆದರೆ ಅವರು ಹೇಳಿದ 13 ಶೇಕಡಾ ಲೆಕ್ಕ. ಹಾಕಿದ ದುಡ್ಡಿಗೆ ವರ್ಷಕ್ಕೆ ಸುಮಾರು ಶೇ. 13ರಷ್ಟು ಪ್ರತಿಫಲ ಅಂತ. ಅದೂ ಅಮೆರಿಕದ ಅಬೆಸಿಡೇರಿಯನ್ ಅನ್ನುವ ಶಿಶುಪಾಲನೆಯ ಪ್ರಯೋಗ ಮತ್ತು ಅದರ ಜೊತೆಗಿನ ಇನ್ನೊಂದಕ್ಕೆ ಮಾತ್ರ. ಅಲ್ಲಿನದೇ ಇನ್ನೊಂದು ಪ್ರಯೋಗ ಪೆರ್ರಿ ಪ್ರೀಸ್ಕೂಲ್‌ಗೆ ಅವರದೇ ಲೆಕ್ಕ ವರ್ಷಕ್ಕೆ ಶೇ. 7ರಿಂದ 10. ಎಲ್ಲಾ ಡೇಕೇರ್‌ಗೂ ಈ ಅಂಕಿ ಅಂಟಿಸಲು ಬರುವುದಿಲ್ಲ.

ಪೆರ್ರಿ ನಡೆದದ್ದು ಮಿಷಿಗನ್‌ನ ಇಪ್ಸಿಲ್ಯಾಂಟಿಯಲ್ಲಿ, 1962ರಿಂದ 1967ರವರೆಗೆ. ಮಕ್ಕಳು ಬರೀ 123. ಅದರಲ್ಲಿ ತರಗತಿಗೆ ಬಂದವರು 58. ದಿನಕ್ಕೆ ಎರಡೂವರೆ ಗಂಟೆ ತರಗತಿ. ವಾರಕ್ಕೊಂದು ಸಲ ಟೀಚರ್ ಮನೆಗೇ ಹೋಗುತ್ತಿದ್ದರು. ಅಬೆಸಿಡೇರಿಯನ್ ಉತ್ತರ ಕ್ಯಾರೊಲಿನಾದ್ದು, 1972ರಲ್ಲಿ ಶುರುವಾದದ್ದು. 111 ಮಕ್ಕಳು. ಕೂಸಾಗಿದ್ದಾಗಿನಿಂದ ಐದು ವರ್ಷದವರೆಗೆ ಇಡೀ ದಿನದ ಪಾಲನೆ. ಜಗತ್ತಿನ ಅರ್ಧ ಭಾಷಣಗಳು ಈ ಇನ್ನೂರು ಚಿಲ್ಲರೆ ಮಕ್ಕಳ ಮೇಲೆ ನಿಂತಿವೆ. ಅದಕ್ಕೇ ಇನ್ನೂ ಸಂಶೋಧನೆ ಬೇಕು ಅನ್ನುವುದು.

ಮೊಮ್ಮಕ್ಕಳ ಅಜ್ಜ

ಸರಿಪಡಿಸಿದ್ದಕ್ಕೆ ಧನ್ಯವಾದ ಮಗಾ. ಇಷ್ಟು ದಿನ ಎಲ್ಲರಿಗೂ ತಪ್ಪಾಗಿ ಹೇಳಿಕೊಂಡು ಬಂದಿದ್ದೇನೆ. ಆ 123 ಮಕ್ಕಳು ಆಮೇಲೆ ಏನಾದರು?

ಪಿಎಚ್‌ಡಿ ದಾರಿಯಲ್ಲಿ

ಇದು ಕೇಳಲೇಬೇಕಾದ ಪ್ರಶ್ನೆ ಅಜ್ಜ. ತರಗತಿಗೆ ಹೋದ ಮಕ್ಕಳ ಬುದ್ಧಿಮತ್ತೆಯ ಅಂಕ ಮೊದಲು ಏರಿತು. ಎಂಟು ವರ್ಷದ ಹೊತ್ತಿಗೆ ಇಳಿದು ಉಳಿದವರ ಸಮಕ್ಕೆ ಬಂತು. ಅನುದಾನ ಅಲ್ಲಿಗೆ ನಿಂತಿದ್ದರೆ ವರದಿಯಲ್ಲಿ "ಪ್ರಯೋಜನ ಇಲ್ಲ" ಅಂತ ಬರೆದು ಮುಗಿಸುತ್ತಿದ್ದರು. ಹಾಗೆ ಆಗಲಿಲ್ಲ. ಅವರನ್ನು 40 ವರ್ಷದವರೆಗೆ, ಆಮೇಲೂ ಹುಡುಕಿಕೊಂಡು ಹೋದರು. 40ರ ಹೊತ್ತಿಗೆ ಐದು ಅಥವಾ ಅದಕ್ಕಿಂತ ಹೆಚ್ಚು ಸಲ ಪೊಲೀಸರ ಕೈಗೆ ಸಿಕ್ಕವರು ತರಗತಿಗೆ ಹೋದವರಲ್ಲಿ ಶೇ. 36, ಹೋಗದವರಲ್ಲಿ ಶೇ. 55. ಸಂಪಾದನೆಯೂ ಹೋದವರದೇ ಜಾಸ್ತಿ. ಪೆರ್ರಿಯ ಲಾಭದ ಲೆಕ್ಕದಲ್ಲಿ ದೊಡ್ಡ ಪಾಲು ಬಂದದ್ದು ಅಪರಾಧ ಕಡಿಮೆಯಾದದ್ದರಿಂದ. ಮೂರು ವರ್ಷದ ಮಗುವಿಗೆ ಬಣ್ಣ ಕೇಳಿ ಇದನ್ನು ಹೇಗೆ ಕಂಡುಹಿಡಿಯುತ್ತೀರಿ?

ಪುಟ್ಟಹೆಜ್ಜೆ

ನಾನು ಡೇಕೇರ್‌ನಲ್ಲಿ ಒಂದು ವರ್ಷದೊಳಗಿನ ಕೂಸುಗಳನ್ನು ನೋಡಿಕೊಳ್ಳುತ್ತೇನೆ. ಇಲ್ಲಿಯವರೆಗೆ ಎಲ್ಲರೂ ಮೂರು, ನಾಲ್ಕು ವರ್ಷದವರ ಬಗ್ಗೆಯೇ ಬರೆದಿದ್ದೀರಿ. ಕೂಸುಗಳನ್ನು ನೋಡಿಕೊಳ್ಳುವ ಕೆಲಸವನ್ನು ಯಾರೂ ಅಧ್ಯಯನ ಮಾಡುವುದಿಲ್ಲವಾ? ಒಬ್ಬಳು ಎಷ್ಟು ಕೂಸು ನೋಡಬಹುದು, ಒಂದೇ ಕೂಸಿಗೆ ತಿಂಗಳಿಗೊಬ್ಬರು ಬದಲಾದರೆ ಏನಾಗುತ್ತದೆ, ನನ್ನಂಥವರಿಗೆ ಬೆನ್ನು ನೋವು ಬಂದರೆ ಕೂಸನ್ನು ಎತ್ತಿಕೊಳ್ಳುವುದು ಕಡಿಮೆಯಾಗುವುದಿಲ್ಲವಾ? ಇಂಥದ್ದನ್ನು ಯಾರೂ ಬಂದು ಕೇಳಿಲ್ಲ.

ಹಳೆ ಸರ್ವೇಗಾರ

ಟೀಚರ್ ಮೇಡಂ, ನಾನು ಆರು ವರ್ಷ ಟ್ಯಾಬ್ ಹಿಡಿದು ಹೋದ ಕಡೆಯವನು. ನಿಮ್ಮ ಪೋಸ್ಟ್ ಓದಿ ಸುಮ್ನೆ ಕೂರಲು ಆಗಲಿಲ್ಲ.

ನಮಗೆ ಕೊಡುತ್ತಿದ್ದದ್ದು ಮಗುವಿನ ಲೆಕ್ಕದಲ್ಲಿ ಸಂಬಳ. ಒಂದು ಫಾರ್ಮ್ ತುಂಬಿದರೆ ಇಷ್ಟು ಅಂತ. ದಿನಕ್ಕೆ ಎಂಟು ಮಕ್ಕಳು ಆಗಲೇಬೇಕು. ಮಗು ಅಳುತ್ತಿದ್ದರೆ, ನಿದ್ದೆಗಣ್ಣಿನಲ್ಲಿದ್ದರೆ, ಹೆದರಿದ್ದರೆ ಕಾಯಲು ಸಮಯ ಇರಲಿಲ್ಲ. ಮೂರು ಸಲ ಕೇಳಿ ಉತ್ತರ ಬರದಿದ್ದರೆ ಸೊನ್ನೆ ಒತ್ತಿ ಮುಂದಿನ ಪ್ರಶ್ನೆ. "ಗೊತ್ತಿಲ್ಲ" ಮತ್ತು "ಮಾತಾಡಲಿಲ್ಲ" ಎರಡಕ್ಕೂ ಒಂದೇ ಗುಂಡಿ. ನಾನು ಮೇಲಿನವರಿಗೆ ಎರಡು ಸಲ ಹೇಳಿದೆ. "ಟೆಂಡರ್‌ನಲ್ಲಿ ಹೀಗೇ ಇದೆ" ಅಂದರು.

ಆಮೇಲೆ ಬೇರೆ ಒಂದು ತಂಡದಲ್ಲಿ ಕೆಲಸ ಸಿಕ್ಕಿತು. ಅಲ್ಲಿ ತಿಂಗಳ ಸಂಬಳ. ಮೊದಲ ದಿನ ಟ್ಯಾಬ್ ಹೊರಗೆ ತೆಗೆಯುವ ಹಾಗಿಲ್ಲ. ಮಕ್ಕಳ ಜೊತೆ ನೆಲದ ಮೇಲೆ ಕೂರಬೇಕು, ಆಡಬೇಕು. ಎರಡನೇ ದಿನ ಪ್ರಶ್ನೆ. ಮಾತಾಡದ ಮಗುವಿಗೆ ಬೇರೆ ಗುರುತು ಹಾಕಿ ಇನ್ನೊಂದು ದಿನ ಬರಬೇಕು. ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಆದರೆ ಮೊದಲ ತಂಡದಲ್ಲಿ ಸುಮ್ಮನಿರುತ್ತಿದ್ದಂಥ ಮಕ್ಕಳು ಇಲ್ಲಿ ಮಾತಾಡಿದರು. ಎರಡಕ್ಕೂ ದುಡ್ಡು ಸರ್ಕಾರದ್ದೇ. ಮೊದಲನೆಯದರಲ್ಲಿ ಅಗ್ಗಕ್ಕೆ ಒಪ್ಪಿಕೊಂಡವರಿಗೆ ಗುತ್ತಿಗೆ ಕೊಟ್ಟಿದ್ದರು. ಅಷ್ಟೇ ವ್ಯತ್ಯಾಸ.

ಶಿಶುವಿಹಾರದ ಟೀಚರ್

ಇದನ್ನು ಓದಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ಟ್ಯಾಬ್ ಹಿಡಿದು ಬಂದಿದ್ದ ಆ ಹುಡುಗನ ಮೇಲೆ ನಾನು ಸಿಟ್ಟಾಗಿದ್ದೆ. ಅವನಿಗೂ ದಿನಕ್ಕೆ ಎಂಟು ಮಕ್ಕಳ ಲೆಕ್ಕ ಇದ್ದಿರಬೇಕು.

ಅವಳಿಗಳ ಅಮ್ಮ

ಪುಟ್ಟಹೆಜ್ಜೆ ಅವರೇ, ನಿಮ್ಮ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ತಾಯಿಯಾಗಿ ಹೇಳುತ್ತೇನೆ. ನನ್ನ ಮಕ್ಕಳಿಗೆ ಎಂಟು ತಿಂಗಳಾಗಿದ್ದಾಗ ಡೇಕೇರ್‌ಗೆ ಬಿಟ್ಟೆ. ನಾಲ್ಕು ತಿಂಗಳಲ್ಲಿ ಐದು ಜನ ಬದಲಾದರು. ದೊಡ್ಡವನು ಯಾರ ಹತ್ತಿರವೂ ಹೋಗುತ್ತಿರಲಿಲ್ಲ. ಆಮೇಲೆ ಒಬ್ಬರು ಬಂದು ಎರಡು ವರ್ಷ ನಿಂತರು. ಅವರು ಬಾಗಿಲಲ್ಲಿ ಕಂಡರೆ ಸಾಕು, ನನ್ನ ಕೈ ಬಿಟ್ಟು ಓಡುತ್ತಿದ್ದ. ಸಂಬಳ ಕಡಿಮೆ ಇದ್ದರೆ ಜನ ನಿಲ್ಲುವುದಿಲ್ಲ. ಜನ ನಿಲ್ಲದಿದ್ದರೆ ಕೂಸಿಗೆ ಏನಾಗುತ್ತದೆ ಅಂತ ಯಾರಾದರೂ ಅಳೆಯಲಿ.

ಅಂಕಿಸಂಖ್ಯೆ

ಕೂಸುಗಳ ಮೇಲೆ ಆದ ಅಧ್ಯಯನ ಕಡಿಮೆ, ಆದರೆ ಇಲ್ಲ ಅಂತಿಲ್ಲ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆಯೊಂದು 1991ರಲ್ಲಿ ಒಂದು ಶುರು ಮಾಡಿತು. ಹತ್ತು ಕಡೆ, 1,364 ಮಕ್ಕಳು, ಹುಟ್ಟಿದಾಗಿನಿಂದ. ಅಲ್ಲಿ ಎರಡು ಮುಖ್ಯ ವಿಷಯ ಕಂಡವು. ನೋಡಿಕೊಳ್ಳುವವರು ಮಗುವಿನ ಜೊತೆ ಎಷ್ಟು ಮಾತಾಡುತ್ತಾರೆ, ಎಷ್ಟು ಸ್ಪಂದಿಸುತ್ತಾರೆ ಅನ್ನುವುದು ಭಾಷೆ ಮತ್ತು ಕಲಿಕೆಗೆ ಸಂಬಂಧಪಟ್ಟಿತ್ತು. ಕೇಂದ್ರದಲ್ಲಿ ಕಳೆದ ಗಂಟೆ ಹೆಚ್ಚಾದ ಹಾಗೆ ನಡವಳಿಕೆಯ ತೊಂದರೆ ಸ್ವಲ್ಪ ಹೆಚ್ಚಿತ್ತು. ಇವೆರಡಕ್ಕಿಂತಲೂ ಮನೆಯವರ ಪ್ರಭಾವ ದೊಡ್ಡದಾಗಿತ್ತು. ಸಂಬಳ, ಬೆನ್ನು ನೋವು, ಜನ ಬದಲಾಗುವುದು, ಇವಕ್ಕೆ ಸಿಕ್ಕ ಗಮನ ನಿಜವಾಗಿಯೂ ಸಾಲದು. ಪುಟ್ಟಹೆಜ್ಜೆ ಅವರ ಮಾತು ಒಪ್ಪುತ್ತೇನೆ.

ಪುಟ್ಟಹೆಜ್ಜೆ

ನಮ್ಮಲ್ಲೂ ಹಾಗೇ. ಮಾತಾಡಿಸಲು ಆಸೆ ಇದೆ, ಕೈ ಸಾಲುವುದಿಲ್ಲ. ಒಂದು ಕೂಸಿನ ಬಟ್ಟೆ ಬದಲಿಸುವಷ್ಟರಲ್ಲಿ ಇನ್ನೊಂದು ಅಳುತ್ತಿರುತ್ತದೆ.

ಲೆಕ್ಕದ ಮೇಜು

ನಾನು ಸರ್ಕಾರದ ಬಜೆಟ್ ಕೆಲಸ ಮಾಡಿದವನು. ಸ್ವಲ್ಪ ಕಹಿ ಮಾತು ಹೇಳುತ್ತೇನೆ. ಸಂಶೋಧನೆ ಅಂದ ತಕ್ಷಣ ಒಳ್ಳೆಯದು ಅಂತ ಅಂದುಕೊಳ್ಳಬೇಡಿ. ಅಮೆರಿಕ 2000ದಲ್ಲಿ ಒಂದು ಕಾನೂನು ಮಾಡಿ ಒಂದು ಲಕ್ಷ ಮಕ್ಕಳನ್ನು ಹುಟ್ಟುವ ಮೊದಲಿನಿಂದ 21 ವರ್ಷದವರೆಗೆ ಹಿಂಬಾಲಿಸುವ ಯೋಜನೆ ಹಾಕಿತು. ಹದಿನಾಲ್ಕು ವರ್ಷ ತಯಾರಿ, ಪ್ರಾಯೋಗಿಕ ಹಂತ, ಮತ್ತೆ ಬದಲಾವಣೆ. 100 ಕೋಟಿ ಡಾಲರಿಗೂ ಜಾಸ್ತಿ ಖರ್ಚಾಯಿತು. 2014ರ ಡಿಸೆಂಬರ್‌ನಲ್ಲಿ ನಿಲ್ಲಿಸಿದರು. ಮುಖ್ಯ ಅಧ್ಯಯನ ಶುರುವೇ ಆಗಲಿಲ್ಲ. ಬ್ರಿಟನ್‌ನಲ್ಲೂ 80,000 ಕೂಸುಗಳ ಒಂದು ಅಧ್ಯಯನ 2015ರಲ್ಲಿ ನಿಂತಿತು. ಸಾಕಷ್ಟು ತಾಯಂದಿರು ಸೇರಲೇ ಇಲ್ಲ. ಆ ದುಡ್ಡಿನಲ್ಲಿ ಎಷ್ಟು ಟೀಚರ್‌ಗಳ ಸಂಬಳ ಆಗುತ್ತಿತ್ತು ಅಂತ ಯೋಚಿಸಿ.

ನೇರಮಾತು

ಇದೇ ನಾನು ಹೇಳಿದ್ದು!

ಪಿಎಚ್‌ಡಿ ದಾರಿಯಲ್ಲಿ

ಸರ್, ಆ ಎರಡೂ ಸೋತದ್ದು ನಿಜ. ಎಲ್ಲವನ್ನೂ ಒಂದೇ ಅಧ್ಯಯನದಲ್ಲಿ ತುಂಬಲು ಹೋದರು. ಅದರ ಪಕ್ಕದಲ್ಲಿ ಡ್ಯುನೆಡಿನ್ ಇಟ್ಟು ನೋಡಿ. ನ್ಯೂಜಿಲೆಂಡಿನ ಒಂದೇ ಊರು. 1972–73ರಲ್ಲಿ ಹುಟ್ಟಿದ 1,037 ಮಕ್ಕಳು. ಅವರಿಗೆ 45 ವರ್ಷ ಆದಾಗ, ಬದುಕಿದ್ದವರಲ್ಲಿ ನೂರಕ್ಕೆ 94 ಜನ ಮತ್ತೆ ಬಂದರು. ಯಾವ ದೇಶದಲ್ಲಿದ್ದರೂ ಪ್ರಯಾಣದ ಖರ್ಚು ಕೊಟ್ಟು ಕರೆಸುತ್ತಾರೆ. ಚಿಕ್ಕವರಿದ್ದಾಗ ಮನಸ್ಸನ್ನು ಹಿಡಿತದಲ್ಲಿ ಇಟ್ಟುಕೊಳ್ಳಲು ಬರುತ್ತಿದ್ದ ಮಕ್ಕಳು 32ರಲ್ಲಿ ಆರೋಗ್ಯ, ಹಣಕಾಸು ಎರಡರಲ್ಲೂ ಚೆನ್ನಾಗಿದ್ದರು ಅಂತ 2011ರಲ್ಲಿ ತೋರಿಸಿದ್ದು ಅವರೇ. ಸಣ್ಣದು, ಆದರೆ ಐವತ್ತು ವರ್ಷ ಕೈ ಬಿಡಲಿಲ್ಲ.

ಲೆಕ್ಕದ ಮೇಜು

ಐವತ್ತು ವರ್ಷ ಒಂದೇ ಕೆಲಸಕ್ಕೆ ದುಡ್ಡು ಕೊಡುತ್ತೇನೆ ಅಂತ ಯಾವ ಸರ್ಕಾರ ಬರೆದುಕೊಡುತ್ತದೆ? ನಮ್ಮಲ್ಲಿ ಕಡತ ನಡೆಯುವುದು ವರ್ಷದ ಲೆಕ್ಕದಲ್ಲಿ. ಮಾರ್ಚ್‌ ಒಳಗೆ ಖರ್ಚಾಗದಿದ್ದರೆ ವಾಪಸ್. ಸಂಶೋಧಕರಿಗೆ ಇದು ಕಷ್ಟ ಅಂತ ಗೊತ್ತು. ಆದರೆ ದಾರಿ ಏನು?

ಪಿಎಚ್‌ಡಿ ದಾರಿಯಲ್ಲಿ

ಒಂದು ದಾರಿ ಇದೆ. ನೀವೇ ಆ ಮೇಜಿನಲ್ಲಿ ಕೂತಿದ್ದವರು, ಹೇಳಿ ನೋಡೋಣ. ಹೊಸ ಯೋಜನೆ ಒಂದೇ ದಿನ ಎಲ್ಲಾ ಕೇಂದ್ರಕ್ಕೂ ಹೋಗುವುದಿಲ್ಲ, ಅಲ್ವಾ? ಮೊದಲ ವರ್ಷ ಇಷ್ಟು, ಎರಡನೇ ವರ್ಷ ಇಷ್ಟು ಅಂತ ಹಂಚುತ್ತೀರಿ. ಯಾವುದು ಮೊದಲು ಅನ್ನುವುದನ್ನು ಶಿಫಾರಸಿನ ಬದಲು ಚೀಟಿ ಎತ್ತಿ ತೀರ್ಮಾನಿಸಿ. ಅಷ್ಟು ಮಾಡಿದರೆ ಹೋಲಿಸಲು ಎರಡು ಗುಂಪು ತಾನಾಗಿಯೇ ಸಿಗುತ್ತದೆ. ಯಾವ ಮಗುವಿಗೂ "ನಿನಗಿಲ್ಲ" ಅನ್ನಬೇಕಾಗಿಲ್ಲ, ಸ್ವಲ್ಪ ತಡವಾಗುತ್ತದೆ ಅಷ್ಟೇ. ಆಮೇಲೆ ಆ ಮಕ್ಕಳ ಶಾಲೆಯ ಹಾಜರಿ, ಪರೀಕ್ಷೆಯ ದಾಖಲೆ ಹೇಗೂ ಸರ್ಕಾರದಲ್ಲೇ ಇರುತ್ತದೆ. ಹೆಸರು ತೆಗೆದು ಅದನ್ನು ಸಂಶೋಧಕರಿಗೆ ಕೊಡಿ. ಟೆನೆಸಿಯಲ್ಲಿ ಆರನೇ ತರಗತಿಯವರೆಗೆ ಹಿಂಬಾಲಿಸಲು ಆದದ್ದು ಹೀಗೇ, ರಾಜ್ಯದ ದಾಖಲೆಯಿಂದ.

ಲೆಕ್ಕದ ಮೇಜು

ಚೀಟಿ ಎತ್ತುವುದಕ್ಕೆ ಮೇಲಿನವರು ಒಪ್ಪುವುದು ಕಷ್ಟ. ಯಾವ ಕೇಂದ್ರ ಮೊದಲು ಅನ್ನುವುದರಲ್ಲೇ ಅವರ ಕೈ ಇರುವುದು. ಆದರೂ ಖರ್ಚಿನ ಕಡೆಯಿಂದ ನೋಡಿದರೆ ಮಾತು ಸರಿ. ಇದಕ್ಕೆ ಹೆಚ್ಚುಕಡಿಮೆ ದುಡ್ಡೇ ಬೇಡ.

ಮೊಮ್ಮಕ್ಕಳ ಅಜ್ಜ

ಮಧ್ಯೆ ಒಂದು ಬೇರೆ ವಿಷಯ. ಮೊಮ್ಮಗಳಿಗೆ ಮೂರೂವರೆ ವರ್ಷ. ಈಗಲೇ ಪೆನ್ಸಿಲ್ ಹಿಡಿಸಿ ಅಕ್ಷರ ತಿದ್ದಿಸುತ್ತಿದ್ದಾರೆ. ಬೆರಳು ನೋಯುತ್ತದೆ ಅಂತ ಅಳುತ್ತಾಳೆ. ಇದು ಸರಿಯಾ?

ಶಿಶುವಿಹಾರದ ಟೀಚರ್

ಅಜ್ಜ, ಆ ವಯಸ್ಸಿಗೆ ಬೇಡ. ಹಿಟ್ಟು ನಾದಲಿ, ಮಣಿ ಪೋಣಿಸಲಿ, ಮರಳಿನಲ್ಲಿ ಬೆರಳಿನಿಂದ ಗೀರಲಿ. ಬೆರಳಿಗೆ ಶಕ್ತಿ ಬಂದ ಮೇಲೆ ಪೆನ್ಸಿಲ್ ತಾನಾಗಿಯೇ ಬರುತ್ತದೆ. ದಿನಾ ಒಂದು ಕಥೆ ಓದಿ ಹೇಳಿ, ಮಧ್ಯೆ ಮಧ್ಯೆ ಅವಳನ್ನೇ ಪ್ರಶ್ನೆ ಕೇಳಿ. ಅದಕ್ಕಿಂತ ಒಳ್ಳೆಯ ಅಕ್ಷರ ಪಾಠ ಇಲ್ಲ.

ಅವಳಿಗಳ ಅಮ್ಮ

ಹೌದು ಅಜ್ಜ. ನನ್ನ ಇಬ್ಬರಿಗೂ ಐದು ವರ್ಷದವರೆಗೆ ಪೆನ್ಸಿಲ್ ಒತ್ತಾಯ ಮಾಡಲಿಲ್ಲ. ಈಗ ಇಬ್ಬರೂ ಚೆನ್ನಾಗಿ ಬರೆಯುತ್ತಾರೆ.

ಅಂಕಿಸಂಖ್ಯೆ

ವಿಷಯಕ್ಕೆ ವಾಪಸ್ ಬರೋಣ. ಆದರೆ ಅಜ್ಜನ ಪ್ರಶ್ನೆಗೂ ಇದಕ್ಕೂ ಸಂಬಂಧ ಇದೆ. ಇಂಗ್ಲೆಂಡಿನ ಶಿಕ್ಷಣ ಇಲಾಖೆ ತನ್ನದೇ ದುಡ್ಡಿನಲ್ಲಿ 1997ರಲ್ಲಿ ಒಂದು ಅಧ್ಯಯನ ಶುರು ಮಾಡಿತು. 141 ಕೇಂದ್ರಗಳು, ಸುಮಾರು 3,000 ಮಕ್ಕಳು. ಆಮೇಲೆ ಅದೇ ಮಕ್ಕಳನ್ನು 16 ವರ್ಷದವರೆಗೆ ನೋಡಿದರು. ಮನೆಯಲ್ಲಿ ಮಗುವಿಗೆ ಓದಿ ಹೇಳುವುದು, ಹಾಡು, ಅಂಕಿಗಳ ಆಟ, ಇದು ಅಪ್ಪ ಅಮ್ಮನ ಉದ್ಯೋಗಕ್ಕಿಂತ, ಸಂಬಳಕ್ಕಿಂತ ಮುಖ್ಯ ಅಂತ ಕಂಡಿತು. ಚೆನ್ನಾಗಿ ಓದಿ ತರಬೇತಿ ಪಡೆದ ಟೀಚರ್ ಇದ್ದ ಕಡೆ ಕೇಂದ್ರದ ಗುಣಮಟ್ಟ ಮೇಲಿತ್ತು. ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಅರ್ಧ ದಿನ ಬಂದ ಮಕ್ಕಳಿಗೂ ಇಡೀ ದಿನ ಬಂದ ಮಕ್ಕಳಿಗೂ ಕಲಿಕೆಯಲ್ಲಿ ಹೆಚ್ಚಿನ ವ್ಯತ್ಯಾಸ ಇರಲಿಲ್ಲ. ಎಷ್ಟು ಗಂಟೆಗೆ ದುಡ್ಡು ಕೊಡಬೇಕು ಅಂತ ಯೋಚಿಸುವ ಸರ್ಕಾರಕ್ಕೆ ಇದು ಎಷ್ಟು ಉಪಯೋಗ ನೋಡಿ.

ಪುಟ್ಟಹೆಜ್ಜೆ

ಕಲಿಕೆಗೆ ಅರ್ಧ ದಿನ ಸಾಕಿರಬಹುದು. ಕೆಲಸಕ್ಕೆ ಹೋಗುವ ತಾಯಿಗೆ ಸಾಕಾಗುವುದಿಲ್ಲ. ಮಗುವಿನ ಅಂಕ ಮಾತ್ರ ನೋಡಿ ಗಂಟೆ ಕಡಿಮೆ ಮಾಡಿದರೆ ನಮ್ಮ ಕೇಂದ್ರದ ಅರ್ಧ ತಾಯಂದಿರು ಕೆಲಸ ಬಿಡಬೇಕಾಗುತ್ತದೆ.

ಅಂಕಿಸಂಖ್ಯೆ

ನಿಜ, ನಾನು ಅದನ್ನು ಸೇರಿಸಬೇಕಿತ್ತು. ಪಾಲನೆ ಮತ್ತು ಕಲಿಕೆ ಎರಡನ್ನೂ ಒಟ್ಟಿಗೆ ಅಳೆಯಬೇಕು.

ನೇರಮಾತು

ಎಲ್ಲಾ ಓದಿದೆ. ನನ್ನ ಅನುಮಾನ ಇನ್ನೂ ಹೋಗಿಲ್ಲ. ಇವೆಲ್ಲ ಶ್ರೀಮಂತ ದೇಶದ ಕಥೆ. 30 ಮಕ್ಕಳಿಗೆ ಒಬ್ಬರೇ ಟೀಚರ್ ಇರುವ ಕಡೆ ಏನು ಮಾಡಬೇಕು ಅಂತ ಯಾರು ಹೇಳುತ್ತಾರೆ?

ಪಿಎಚ್‌ಡಿ ದಾರಿಯಲ್ಲಿ

ಅದನ್ನೂ ಅಳೆದಿದ್ದಾರೆ. ತಮಿಳುನಾಡಿನಲ್ಲಿ ರಾಜ್ಯ ಸರ್ಕಾರದ ಜೊತೆ ಸೇರಿ 640 ಅಂಗನವಾಡಿಗಳನ್ನು ಆರಿಸಿದರು. ಚೀಟಿ ಎತ್ತಿದ ಹಾಗೆ ಅದರಲ್ಲಿ ಅರ್ಧಕ್ಕೆ ಅರ್ಧ ದಿನದ ಇನ್ನೊಬ್ಬ ಕಾರ್ಯಕರ್ತೆ ಕೊಟ್ಟರು. ಅವರ ಕೆಲಸ ಮಕ್ಕಳ ಕಲಿಕೆ ಮಾತ್ರ. ಪಾಠದ ಸಮಯ ಎರಡರಷ್ಟಾಯಿತು. ಮೊದಲಿದ್ದ ಕಾರ್ಯಕರ್ತೆಗೆ ಪೌಷ್ಟಿಕತೆಯ ಕೆಲಸಕ್ಕೆ ಕೈ ಬಿಡುವಾಯಿತು. ಒಂದೂವರೆ ವರ್ಷದಲ್ಲಿ ಮಕ್ಕಳ ಗಣಿತ, ಭಾಷೆ ಎರಡೂ ಚೆನ್ನಾಗಿ ಸುಧಾರಿಸಿದವು. ಕುಂಠಿತ ಬೆಳವಣಿಗೆ, ತೀವ್ರ ಅಪೌಷ್ಟಿಕತೆ ಕಡಿಮೆಯಾದವು.

ಈಗ ಹೇಳಿ ನೇರಮಾತು ಅವರೇ, ನೀವು ಮೊದಲಿನಿಂದ ಕೇಳುತ್ತಿರುವುದು ಇನ್ನೊಬ್ಬ ಟೀಚರ್. ಆ ಟೀಚರ್‌ಗಾಗಿ ಬಜೆಟ್ ಮೇಜಿನ ಮುಂದೆ ಇಡಲು ಇದಕ್ಕಿಂತ ಗಟ್ಟಿ ಕಾಗದ ಬೇಕಾ?

ನೇರಮಾತು

ಇದು ನನಗೆ ಗೊತ್ತಿರಲಿಲ್ಲ. ಇಂಥ ಸಂಶೋಧನೆಗೆ ನನ್ನ ವಿರೋಧ ಇಲ್ಲ. ಟೀಚರ್ ಬೇಕಾ ಬೇಡವಾ ಅಂತ ನೋಡುವುದಕ್ಕೆ ಟೀಚರ್ ಅನ್ನೇ ಕೊಟ್ಟು ನೋಡಿದ್ದಾರೆ. ಫಾರ್ಮ್ ತುಂಬಿಸಿ ಹೋಗುವುದಕ್ಕೆ ಮಾತ್ರ ನನ್ನ ವಿರೋಧ.

ಲೆಕ್ಕದ ಮೇಜು

ನಾನೂ ಇದನ್ನು ಒಪ್ಪುತ್ತೇನೆ. ಮಂತ್ರಿಗಳ ಮುಂದೆ "ಮಕ್ಕಳು ದೇಶದ ಭವಿಷ್ಯ" ಅಂದರೆ ತಲೆ ಆಡಿಸುತ್ತಾರೆ, ದುಡ್ಡು ಕೊಡುವುದಿಲ್ಲ. "ಅರ್ಧ ದಿನದ ಒಬ್ಬರಿಗೆ ಇಷ್ಟು ಖರ್ಚು, ಇಷ್ಟು ಲಾಭ" ಅಂದರೆ ಮುಂದಿನ ಪ್ರಶ್ನೆ ಕೇಳುತ್ತಾರೆ. ನಾನು ಕಂಡದ್ದು ಹೀಗೆ.

ಹಳೆ ಸರ್ವೇಗಾರ

ಜಮೈಕಾದ್ದನ್ನೂ ಸೇರಿಸಿ. 1986–87ರಲ್ಲಿ ಶುರುವಾದದ್ದು, 129 ಕುಂಠಿತ ಬೆಳವಣಿಗೆಯ ಮಕ್ಕಳು, ಎರಡು ವರ್ಷದೊಳಗಿನವರು. ಅವರಲ್ಲಿ ಸುಮಾರು ಅರ್ಧ ಮಕ್ಕಳ ಮನೆಗೆ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೆ ಒಂದು ಗಂಟೆ ಹೋಗಿ, ತಾಯಿ ಮಗು ಇಬ್ಬರ ಜೊತೆ ಕೂತು ಆಟ ಹೇಳಿಕೊಡುತ್ತಿದ್ದರು. ಕೈಯಲ್ಲೇ ಮಾಡಿದ ಆಟಿಕೆಗಳು. ಇಪ್ಪತ್ತು ವರ್ಷ ಆದ ಮೇಲೆ ನೋಡಿದರೆ ಆ ಮಕ್ಕಳ ಸಂಪಾದನೆ ಉಳಿದವರಿಗಿಂತ ಶೇ. 25 ಹೆಚ್ಚಿತ್ತು. ನಮ್ಮ ತರಬೇತಿಯಲ್ಲಿ ಇದನ್ನು ಹೇಳಿದ ದಿನ ನನಗೆ ನನ್ನ ಕೆಲಸದ ಮೇಲೆ ಗೌರವ ಬಂತು. ಅಲ್ಲಿ ಯಾರೋ ಒಬ್ಬರು ಇಪ್ಪತ್ತು ವರ್ಷ ಆದ ಮೇಲೆ ಆ ಮನೆಗಳ ಬಾಗಿಲು ಮತ್ತೆ ತಟ್ಟಿದ್ದಾರೆ, ಅಲ್ವಾ?

ಅವಳಿಗಳ ಅಮ್ಮ

ತಾಯಂದಿರ ಪರವಾಗಿ ಒಂದು ಮಾತು. ನಮ್ಮ ಮಕ್ಕಳ ಮಾಹಿತಿ ಎಲ್ಲಿ ಹೋಗುತ್ತದೆ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ಒಪ್ಪಿಗೆ ಪತ್ರ ಅಂತ ನಾಲ್ಕು ಪುಟ ಕೊಟ್ಟು ಸಹಿ ಮಾಡಿ ಅಂತಾರೆ. ಸಹಿ ಮಾಡದಿದ್ದರೆ ಸೀಟು ಹೋಗುತ್ತದೇನೋ ಅಂತ ಭಯ. ನಾನು ಒಂದು ಸಲ ಹಾಗೆ ಭಯಪಟ್ಟೇ ಸಹಿ ಮಾಡಿದ್ದೇನೆ.

ಪಿಎಚ್‌ಡಿ ದಾರಿಯಲ್ಲಿ

ಬೇಡ ಅಂದರೆ ಸೀಟಿಗೆ ಏನೂ ಆಗಬಾರದು ಅಕ್ಕ. ಮಧ್ಯದಲ್ಲಿ ಯಾವಾಗ ಬೇಕಾದರೂ ಹೊರಗೆ ಬರಬಹುದು. ಇದನ್ನು ಮೊದಲ ಸಾಲಿನಲ್ಲೇ ದೊಡ್ಡ ಅಕ್ಷರದಲ್ಲಿ ಬರೆದಿರಬೇಕು. ಬರೆಯದಿದ್ದರೆ ಕೇಳಿ, ಅದು ನಿಮ್ಮ ಹಕ್ಕು.

ಶಿಶುವಿಹಾರದ ಟೀಚರ್

ಎಲ್ಲರಿಗೂ ಧನ್ಯವಾದ. ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ನಾನು ಬರುವ ತಂಡಕ್ಕೆ ಒಂದು ಪತ್ರ ಬರೆಯಲು ಕೂತಿದ್ದೇನೆ. ಮೊದಲ ದಿನ ಟ್ಯಾಬ್ ಇಲ್ಲದೆ ಮಕ್ಕಳ ಜೊತೆ ಆಡಿ ಅಂತ ಕೇಳುತ್ತೇನೆ. ಮಾತಾಡದ ಮಗುವಿಗೆ ಸೊನ್ನೆ ಹಾಕದೆ ಬೇರೆ ಗುರುತು ಇದೆಯಾ ಅಂತ ಕೇಳುತ್ತೇನೆ. ಐದು ವರ್ಷ ಆದ ಮೇಲೆ ಈ ಮಕ್ಕಳನ್ನು ಯಾರು ನೋಡುತ್ತಾರೆ, ದುಡ್ಡು ಎಲ್ಲಿಂದ ಬರುತ್ತದೆ ಅಂತಾನೂ ಬರೆಯುತ್ತೇನೆ. ವರದಿಯ ಒಂದು ಪ್ರತಿ ನಮಗೆ ಅರ್ಥವಾಗುವ ಭಾಷೆಯಲ್ಲಿ ಬೇಕು. ತಾಯಂದಿರ ಸಭೆಯಲ್ಲಿ ಅವರೇ ಬಂದು ಓದಿ ಹೇಳಬೇಕು. ಇನ್ನೇನಾದರೂ ಬಿಟ್ಟಿದ್ದರೆ ತಿಳಿಸಿ.

ಪುಟ್ಟಹೆಜ್ಜೆ

ನಿಮ್ಮ ಬಗ್ಗೆಯೂ ಕೇಳಲು ಹೇಳಿ. ನಿಮ್ಮ ಸಂಬಳ, ರಜೆ, ದಿನಕ್ಕೆ ಎಷ್ಟು ರಿಜಿಸ್ಟರ್ ಬರೆಯುತ್ತೀರಿ, ಎಲ್ಲಾ.

ಲೆಕ್ಕದ ಮೇಜು

ಫಲಿತಾಂಶ ಸರ್ಕಾರಕ್ಕೆ ಇಷ್ಟ ಆಗದಿದ್ದರೂ ಪ್ರಕಟಿಸುವ ಹಕ್ಕು ಒಪ್ಪಂದದಲ್ಲಿ ಇದೆಯಾ ಅಂತ ಕೇಳಿ. ಇದು ಮುಖ್ಯ. ಎಷ್ಟೋ ವರದಿಗಳು ಕಪಾಟಿನಲ್ಲೇ ಉಳಿದದ್ದು ನಾನು ಕಂಡಿದ್ದೇನೆ.

ಶಿಶುವಿಹಾರದ ಟೀಚರ್

ಎರಡನ್ನೂ ಸೇರಿಸಿದೆ.

ಹಳೆ ಸರ್ವೇಗಾರ

ಮೇಡಂ, ಇನ್ನೊಂದು. ಬರುವವರ ಹೆಸರು ಗೊತ್ತಿದ್ದರೆ ಮಕ್ಕಳಿಗೆ ಮೊದಲೇ ಹೇಳಿಕೊಡಿ. ಹೆಸರು ಹಿಡಿದು ಕರೆಯಲು ಬಂದರೆ ಮಕ್ಕಳು ಬೇಗ ಹತ್ತಿರ ಬರುತ್ತಾರೆ.

ಶಿಶುವಿಹಾರದ ಟೀಚರ್

ಪತ್ರದಲ್ಲಿ ಇಬ್ಬರ ಹೆಸರಿದೆ. ನಾಳೆ ಬೆಳಿಗ್ಗೆ ಎಲ್ಲರೂ ಸುತ್ತ ಕೂತಾಗ ಹೇಳಿಕೊಡುತ್ತೇನೆ. ಆ ಹುಡುಗಿಯನ್ನು ಪಕ್ಕದಲ್ಲೇ ಕೂರಿಸಿಕೊಳ್ಳುತ್ತೇನೆ.